ಬೇಹು ವಿಶ್ಲೇಷಕರ ಓದು: ಪುಣೆಯ ಕಪಾಟಿನಿಂದ ಹನ್ನೊಂದು ಸೂತ್ರಗಳು

ಸೇನೆಯ ಗುಪ್ತಚರ ತರಬೇತಿ ಶಾಲೆ ಇರುವ ಊರು ಪುಣೆ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ರಕ್ಷಣಾ ಅಧ್ಯಯನಕ್ಕೆಂದೇ ಒಂದು ವಿಭಾಗವಿದೆ. ಹಿಂಜವಡಿ, ಖರಾಡಿ ಕಡೆಯ ಐಟಿ ಕಂಪನಿಗಳಲ್ಲಿ ಸೈಬರ್ ದಾಳಿಕೋರರ ಜಾಡು ಹಿಡಿಯುವವರಿದ್ದಾರೆ, ಬ್ಯಾಂಕುಗಳಲ್ಲಿ ವಂಚನೆ ಪತ್ತೆ ಮಾಡುವವರಿದ್ದಾರೆ. ಬೆಳಗಾವಿ, ವಿಜಯಪುರ, ಕಲಬುರಗಿಯಿಂದ ರಾತ್ರಿ ಬಸ್ ಹತ್ತಿ ಬಂದು ಇಂಥ ಕೆಲಸ ಹಿಡಿದ ನಮ್ಮ ಹುಡುಗ ಹುಡುಗಿಯರು ಸಿಕ್ಕಾಗಲೆಲ್ಲ ಕೇಳುವುದು ಒಂದೇ ಮಾತು: "ಸರ್, ಏನು ಓದಬೇಕು?"

ಗೂಢಚಾರರ ಸಾಹಸ ಹೇಳುವ ಪುಸ್ತಕಗಳನ್ನು ರಜೆಗೆ ಇಟ್ಟುಕೊಳ್ಳಿ ಎನ್ನುತ್ತೇನೆ. ವಿಶ್ಲೇಷಕರ ಕೆಲಸ ನಡೆಯುವುದು ಮೇಜಿನ ಮುಂದೆ. ಹತ್ತು ಕಡೆಯಿಂದ ಬಂದ ಸುದ್ದಿಯಲ್ಲಿ ಯಾವುದನ್ನು ನಂಬಬೇಕು, ಎಷ್ಟು ನಂಬಬೇಕು, ಅದನ್ನು ಮೇಲಿನವರಿಗೆ ಹೇಗೆ ತಿಳಿಸಬೇಕು ಎಂಬುದೇ ಅವರ ಚಿಂತೆ. ಸಾಕ್ಷ್ಯವನ್ನು ತೂಗುವ ಬಗೆಯನ್ನು ಕಣ್ಣಿಗೆ ಕಾಣುವಂತೆ ಬರೆದಿಟ್ಟ ಪುಸ್ತಕಗಳು ಈ ವಿದ್ಯೆ ಕಲಿಸುತ್ತವೆ. ಅಂಥವು ಪುಣೆಯಲ್ಲೇ ಹುಟ್ಟಿವೆ ಎಂಬುದು ನನಗೆ ದೊಡ್ಡ ಸಂತೋಷ. ಕೆಳಗೆ ಹೇಳಿದವೆಲ್ಲ ಬಹಿರಂಗವಾಗಿ ಸಿಗುವಂಥವು, ಓದಲು ಯಾರ ಅನುಮತಿಯೂ ಬೇಡ.

1. ಮಹಾಭಾರತದ ಪೀಠಿಕೆಯಿಂದ ಶುರು ಮಾಡಿ

ಲಾ ಕಾಲೇಜ್ ರಸ್ತೆಯ ಭಂಡಾರಕರ್ ಪ್ರಾಚ್ಯವಿದ್ಯಾ ಸಂಸ್ಥೆ ಸ್ಥಾಪನೆಯಾದದ್ದು 1917ರಲ್ಲಿ. ಎರಡೇ ವರ್ಷಕ್ಕೆ ಅದು ಮಹಾಭಾರತದ ಪರಿಷ್ಕೃತ ಪಾಠ ಸಿದ್ಧಪಡಿಸುವ ಕೆಲಸಕ್ಕೆ ಕೈಹಾಕಿತು; ಮುಗಿದದ್ದು 1966ರಲ್ಲಿ. ಒಟ್ಟು 1,259 ಹಸ್ತಪ್ರತಿಗಳು ಬಳಕೆಯಾದವು. ಈ ಕೆಲಸಕ್ಕೆ ದಾರಿ ಹಾಕಿಕೊಟ್ಟ ಸಂಪಾದಕ ವಿ.ಎಸ್. ಸುಕ್ಥಣಕರ್ ಕೇಂಬ್ರಿಜ್‌ನಲ್ಲಿ ಗಣಿತ ಓದಿ, ಆಮೇಲೆ ಬರ್ಲಿನ್‌ನಲ್ಲಿ ಸಂಸ್ಕೃತದ ಕಡೆ ಹೊರಳಿದವರು. ಆದಿಪರ್ವದ ಸಂಪುಟಕ್ಕೆ ಅವರು 1933ರಲ್ಲಿ ಇಂಗ್ಲಿಷ್‌ನಲ್ಲಿ ಬರೆದ ಪೀಠಿಕೆಯನ್ನು ಗುಪ್ತಚರ ಕೆಲಸದವರು ಓದಲೇಬೇಕು ಎಂದು ನಾನು ಹಟ ಹಿಡಿದು ಹೇಳುತ್ತೇನೆ.

ಆದಿಪರ್ವಕ್ಕಾಗಿ ಅವರು ನೋಡಿದ ಪ್ರತಿಗಳು 235. ಅದರಲ್ಲಿ 107 ನಾಗರಿ ಲಿಪಿಯವು, ಕಾಶ್ಮೀರದ ಶಾರದಾ ಲಿಪಿಯವು ಬರೀ 3, ಕನ್ನಡ ಲಿಪಿಯದು 1. ತಲೆ ಎಣಿಸಿ ತೀರ್ಮಾನಿಸುವುದಾಗಿದ್ದರೆ ನಾಗರಿ ಪ್ರತಿಗಳೇ ಗೆಲ್ಲಬೇಕಿತ್ತು. ಸುಕ್ಥಣಕರ್ ತಲೆ ಎಣಿಸಲಿಲ್ಲ, ವಂಶಾವಳಿ ಹುಡುಕಿದರು. ನಾಗರಿ ಲಿಪಿ ಎಲ್ಲ ಪ್ರಾಂತದ ಪಂಡಿತರಿಗೂ ಬರುತ್ತಿತ್ತು, ಹಾಗಾಗಿ ಎಲ್ಲ ಪ್ರಾಂತದ ಪಾಠಗಳೂ ಬಂದು ಅದರಲ್ಲಿ ಬೆರೆತವು. ಶಾರದಾ ಲಿಪಿ ಬಲ್ಲವರು ಕಾಶ್ಮೀರದಾಚೆ ವಿರಳ. ಅದರೊಳಗಿನ ಪಾಠ ಹೊರಗಿನ ಸೋಂಕಿಲ್ಲದೆ ಉಳಿಯಿತು. ಒಂದರಿಂದೊಂದು ನಕಲಾದ ನೂರು ಪ್ರತಿಗಳು ಸೇರಿದರೂ ಸಾಕ್ಷಿ ಒಂದೇ. ದೂರದೂರದ ಎರಡು ಪರಂಪರೆಗಳು, ಒಂದರ ನಂಟು ಇನ್ನೊಂದಕ್ಕಿಲ್ಲದೆ, ಒಂದೇ ಮಾತು ಹೇಳಿದರೆ ಅದಕ್ಕೆ ತೂಕ ಹೆಚ್ಚು.

ಪೀಠಿಕೆ ಮುಗಿಸಿ ಒಳಗಿನ ಒಂದು ಪುಟವನ್ನು ನಿಧಾನವಾಗಿ ನೋಡಿ. ಮೇಲೆ ದಪ್ಪ ನಾಗರಿ ಅಕ್ಷರದಲ್ಲಿ ಸಂಪಾದಕರು ಒಪ್ಪಿದ ಪಾಠ. ಕೆಳಗೆ ಗೆರೆಯಾಚೆ ಸಣ್ಣ ಅಕ್ಷರದಲ್ಲಿ, ಯಾವ ಪ್ರತಿಯಲ್ಲಿ ಯಾವ ಶಬ್ದ ಬೇರೆಯಿದೆ ಎಂಬ ಲೆಕ್ಕ, ಪ್ರತಿಯೊಂದು ಹಸ್ತಪ್ರತಿಗೂ ಒಂದು ಸಂಕೇತಾಕ್ಷರ. ಕೆಲವೇ ಪ್ರತಿಗಳಲ್ಲಿ ಬಂದ ಹೆಚ್ಚುವರಿ ಸಾಲುಗಳಿಗೆ ನಕ್ಷತ್ರ ಚಿಹ್ನೆ, ಕ್ರಮಸಂಖ್ಯೆ. ಮೇಲಿನ ಪಾಠದಲ್ಲೂ ಅಲ್ಲಲ್ಲಿ ಶಬ್ದದ ಕೆಳಗೆ ಅಲೆಅಲೆಯಾದ ಗೆರೆ ಕಾಣುತ್ತದೆ. ಈ ಪಾಠವನ್ನು ಇಟ್ಟಿದ್ದೇವೆ, ಆದರೆ ಪೂರ್ತಿ ಖಾತ್ರಿಯಿಲ್ಲ ಎಂದು ಆ ಗೆರೆಯ ಅರ್ಥ. ಒಪ್ಪಿದ್ದು, ಬಿಟ್ಟದ್ದು, ಅನುಮಾನ ಇರುವುದು, ಮೂರೂ ಒಂದೇ ಪುಟದಲ್ಲಿ. ನಿಮ್ಮ ರಿಪೋರ್ಟಿಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ.

ವ್ಯಾಸರು ಹೇಳುತ್ತ ಹೋದದ್ದನ್ನು ಗಣಪತಿ ಬರೆದುಕೊಂಡ ಕಥೆ ನಮ್ಮ ಮನೆಮನೆಯದು. ಸಾಕ್ಷ್ಯ ಸಾಲದೆ ಅದನ್ನು ಮೂಲಪಾಠದಿಂದ ತೆಗೆದು ಅನುಬಂಧದಲ್ಲಿ ಇಟ್ಟರು. ಗಣೇಶೋತ್ಸವಕ್ಕೆ ಹೆಸರಾದ ಊರಿನಲ್ಲಿ ಕೂತು ಮಾಡಿದ ಕೆಲಸ ಇದು. ಕಥೆಯನ್ನು ಎಸೆಯಲಿಲ್ಲ, ಯಾರು ಬೇಕಾದರೂ ಮತ್ತೆ ತೂಗಿ ನೋಡಲೆಂದು ಉಳಿಸಿದರು. ತನಗೆ ಪ್ರಿಯವಾದದ್ದನ್ನು ಸಾಕ್ಷ್ಯ ಇಲ್ಲವೆಂದು ಕೆಳಗಿಳಿಸುವ ಧೈರ್ಯ ವಿಶ್ಲೇಷಕರಿಗೆ ದಿನವೂ ಬೇಕು.

2. ಅರ್ಥಶಾಸ್ತ್ರದ ಮೊದಲ ಅಧಿಕರಣವನ್ನು ಬಿಡಬೇಡಿ

ಇದು ನಮ್ಮ ಮೈಸೂರಿನ ಕೊಡುಗೆ. ಓರಿಯಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥಲಿಪಿಯ ತಾಳೆಗರಿ ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದವರು ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಸಂಸ್ಕೃತ ಮೂಲ, 1915ರಲ್ಲಿ ಇಂಗ್ಲಿಷ್ ಅನುವಾದ ಅಚ್ಚಾದವು. ಅರ್ಧ ಶತಮಾನದ ಮೇಲೆ ಆರ್.ಪಿ. ಕಾಂಗ್ಲೆ ಇನ್ನಷ್ಟು ಪ್ರತಿಗಳನ್ನು ಕೂಡಿಸಿ ಮುಂಬಯಿ ವಿಶ್ವವಿದ್ಯಾಲಯದಿಂದ 1960ರಿಂದ 1965ರೊಳಗೆ ಮೂರು ಭಾಗಗಳಲ್ಲಿ ಹೊರತಂದರು. ಕೈಯಲ್ಲಿ ಇಟ್ಟುಕೊಳ್ಳಲು ಕಾಂಗ್ಲೆ ವಾಸಿ. ಶಾಮಶಾಸ್ತ್ರಿಗಳನ್ನು ಕೃತಜ್ಞತೆಯಿಂದ ಓದಿ.

ಸನ್ಯಾಸಿ, ವ್ಯಾಪಾರಿ, ಒಕ್ಕಲಿಗನ ವೇಷದ ಬೇಹುಗಾರರ ಪಟ್ಟಿಯನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ನೀವು ನಿಲ್ಲಬೇಕಾದದ್ದು ಮುಂದಿನ ಮಾತಿನಲ್ಲಿ. ಮೂವರು ತಂದ ಸುದ್ದಿ ಒಂದಕ್ಕೊಂದು ಕೂಡಿದರೆ ನಂಬಬಹುದು ಎನ್ನುತ್ತಾನೆ ಕೌಟಿಲ್ಯ. ಆದರೆ ಆ ಬೇಹುಗಾರರಿಗೆ ಪರಸ್ಪರ ಪರಿಚಯವೇ ಇರಬಾರದು ಎಂದೂ ಕಟ್ಟುನಿಟ್ಟು ಮಾಡುತ್ತಾನೆ. ಎರಡನೆಯ ಷರತ್ತು ಇಲ್ಲದಿದ್ದರೆ ಮೊದಲನೆಯದಕ್ಕೆ ಬೆಲೆಯಿಲ್ಲ.

ಆ ಷರತ್ತು ಮರೆತರೆ ಏನಾಗುತ್ತದೆ? 2003ರ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯಲ್ಲಿ ಇರಾಕ್‌ನ ಸಂಚಾರಿ ಜೈವಿಕ ಅಸ್ತ್ರ ಘಟಕಗಳ ಬಗ್ಗೆ ಮಾತಾಡಿದಾಗ ಒಂದಕ್ಕಿಂತ ಹೆಚ್ಚು ಮೂಲಗಳಿವೆ ಎಂದರು. ಹೆಚ್ಚುಕಡಿಮೆ ಎಲ್ಲ ಭಾರವನ್ನೂ ಹೊತ್ತಿದ್ದವನು ಜರ್ಮನಿ ಸೇರಿದ್ದ ಒಬ್ಬ ಇರಾಕಿ, 'ಕರ್ವ್‌ಬಾಲ್' ಎಂಬ ಗುಪ್ತನಾಮದವನು, ಹೇಳಿದ್ದೆಲ್ಲ ಕಟ್ಟುಕಥೆ. ಇನ್ನೊಬ್ಬ ಮೂಲ ಸುಳ್ಳುಗಾರನೆಂದು ಹಿಂದಿನ ವರ್ಷವೇ ಅಮೆರಿಕದ ಸೇನಾ ಗುಪ್ತಚರ ಸಂಸ್ಥೆ ಗುರುತು ಹಾಕಿತ್ತು. 2005ರ ಮಾರ್ಚ್‌ನಲ್ಲಿ ಬಂದ ಸಿಲ್ಬರ್ಮನ್–ರಾಬ್ ಆಯೋಗದ ವರದಿಯಲ್ಲಿ ಈ ಅಧ್ಯಾಯ ಓದಿ, ಮರುದಿನ ಅರ್ಥಶಾಸ್ತ್ರದ ಆ ಭಾಗ ಓದಿ.

3. ಖಾತ್ರಿ ಎಷ್ಟೆಂದು ಅಂಕಿಯಲ್ಲಿ ಹೇಳಲು ಕಲಿಯಿರಿ

ಅಮೆರಿಕದ ಸಿಐಎಯ ವಿಶ್ಲೇಷಕ ಶೆರ್ಮನ್ ಕೆಂಟ್ 1964ರಲ್ಲಿ ಬರೆದ, ಸಾಧ್ಯತೆಯ ಪದಗಳನ್ನು ಕುರಿತ ಪ್ರಬಂಧ ಚಿಕ್ಕದು. ಒಂದು ಸಂಜೆಯಲ್ಲಿ ಮುಗಿಯುತ್ತದೆ. 1951ರಲ್ಲಿ ಅವರ ತಂಡ ಯುಗೊಸ್ಲಾವಿಯಾದ ಮೇಲೆ ದಾಳಿಯ ಗಂಭೀರ ಸಾಧ್ಯತೆ ಇದೆ ಎಂದು ಬರೆದಿತ್ತು. ಹಾಗೆಂದರೆ ಎಷ್ಟು ಎಂದು ಒಬ್ಬ ಅಧಿಕಾರಿ ಕೇಳಿದರು. ಕೆಂಟ್ ಮನಸ್ಸಿನಲ್ಲಿದ್ದದ್ದು ನೂರಕ್ಕೆ 65. ಅದೇ ಕರಡಿಗೆ ಸಹಿ ಹಾಕಿದ್ದ ಸಹೋದ್ಯೋಗಿಗಳನ್ನು ವಿಚಾರಿಸಿದರೆ ಒಬ್ಬರದು 20, ಇನ್ನೊಬ್ಬರದು 80. ಎಲ್ಲರೂ ಒಪ್ಪಿದ ವಾಕ್ಯ ಒಂದೇ, ಒಪ್ಪಿದ ವಿಷಯ ಬೇರೆ ಬೇರೆ. ಸುಕ್ಥಣಕರ್ ಪುಟದ ಅಲೆಗೆರೆಯ ಕೆಲಸವನ್ನೇ ಕೆಂಟ್ ಅಂಕಿಗಳಿಂದ ಮಾಡಿಸಲು ಹೊರಟರು. 'ಬಹುಶಃ', 'ಸಂಭವವಿದೆ', 'ತಳ್ಳಿಹಾಕುವಂತಿಲ್ಲ' ಎಂದು ಬರೆಯುವ ಮುನ್ನ ಪಕ್ಕದಲ್ಲಿ ಒಂದು ಅಂಕಿ ಹಾಕಿ ನೋಡಿ. ಹಾಕಲು ಕೈ ಬಾರದಿದ್ದರೆ ಇನ್ನೂ ಯೋಚಿಸುವುದಿದೆ ಎಂದೇ ಲೆಕ್ಕ.

4. ಕಾರ್ಗಿಲ್ ಸಮಿತಿಯ ವರದಿಯಲ್ಲಿ 'ಯಾರಿಗೆ ಪ್ರತಿ' ಎಂಬುದನ್ನು ಗಮನಿಸಿ

ಕಾರ್ಗಿಲ್ ಯುದ್ಧದ ಪರಿಶೀಲನೆಗೆ ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯ ಸಮಿತಿ ನೇಮಕವಾದದ್ದು 1999ರ ಜುಲೈ 29ರಂದು. ವರದಿ 2000ದ ಫೆಬ್ರವರಿಯಲ್ಲಿ ಸಂಸತ್ತಿಗೆ ಬಂತು, ಪುಸ್ತಕವಾಗಿಯೂ ಪ್ರಕಟವಾಯಿತು. ಭದ್ರತೆಯ ಕಾರಣಕ್ಕೆ ಕೆಲವು ಭಾಗಗಳನ್ನು ತೆಗೆದಿದ್ದಾರೆ. ಉಳಿದಷ್ಟೇ ಸಾಕು.

ಅದರಲ್ಲೊಂದು ಸಣ್ಣ ವಿವರ ನನ್ನನ್ನು ಬಹಳ ಕಾಡುತ್ತದೆ. ಗಡಿಯಾಚೆಯ ಚಟುವಟಿಕೆಗಳ ಬಗ್ಗೆ ಗುಪ್ತಚರ ದಳದ ನಿರ್ದೇಶಕರು 1998ರ ಜೂನ್‌ನಲ್ಲೇ ಒಂದು ಟಿಪ್ಪಣಿ ಬರೆದಿದ್ದರು. ಅದು ಪ್ರಧಾನಿ, ಗೃಹ ಸಚಿವ, ಸಂಪುಟ ಕಾರ್ಯದರ್ಶಿ, ಗೃಹ ಕಾರ್ಯದರ್ಶಿ, ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರಿಗೆ ಹೋಯಿತು. ಆ ಸುದ್ದಿ ಎಲ್ಲರಿಗಿಂತ ಹೆಚ್ಚಾಗಿ ಬೇಕಿದ್ದ ರಾ ಮುಖ್ಯಸ್ಥರು, ಜಂಟಿ ಗುಪ್ತಚರ ಸಮಿತಿಯ ಅಧ್ಯಕ್ಷರು, ಸೇನಾ ಗುಪ್ತಚರ ಮಹಾನಿರ್ದೇಶಕರು ಆ ಪಟ್ಟಿಯಲ್ಲಿರಲಿಲ್ಲ. ಚೂರುಗಳನ್ನು ಒಂದೆಡೆ ಜೋಡಿಸಬೇಕಾದವರ ಕೈಗೇ ಚೂರು ತಲುಪಲಿಲ್ಲ. ಟಿಪ್ಪಣಿ ಬರೆದು ಮುಗಿಸಿದ ಮೇಲೆ ಐದು ನಿಮಿಷ ಬರೀ ಪ್ರತಿಗಳ ಪಟ್ಟಿಯನ್ನು ನೋಡಿ. ಯಾರ ಹೆಸರು ಇದೆ ಎಂದಲ್ಲ, ಯಾರದು ಇಲ್ಲ ಎಂದು ನೋಡಿ.

5. ದಳವಿ ಮತ್ತು ಮಲಿಕ್ ಇಬ್ಬರನ್ನೂ ಒಟ್ಟಿಗೆ ಓದಿ

ಬ್ರಿಗೇಡಿಯರ್ ಜಾನ್ ದಳವಿ ಅವರ 'ಹಿಮಾಲಯನ್ ಬ್ಲಂಡರ್' 1969ರದು. ರವಿ ಬೆಳಗೆರೆ ಅದನ್ನು ಕನ್ನಡಕ್ಕೆ ತಂದದ್ದರಿಂದ ನಮ್ಮಲ್ಲಿ ಲೆಕ್ಕವಿಲ್ಲದಷ್ಟು ಜನ ಓದಿದ್ದಾರೆ. 1962ರ ಅಕ್ಟೋಬರ್‌ನಲ್ಲಿ ನಾಮ್ಕಾ ಚು ದಂಡೆಯಲ್ಲಿ 7ನೇ ಬ್ರಿಗೇಡ್ ನಡೆಸಿ, ಚೀನೀಯರ ಸೆರೆಯಾಗಿ, ಮರುವರ್ಷ ಬಿಡುಗಡೆಯಾದವರ ಮಾತು ಅದು. ಓದಿದವರ ರಕ್ತ ಕುದಿಯುತ್ತದೆ, ಕುದಿಯಬೇಕಾದ್ದೇ.

ಆದರೆ ಅಲ್ಲಿಗೇ ನಿಲ್ಲಿಸಿದರೆ ನೀವು ಓದುಗರಷ್ಟೇ. ವಿಶ್ಲೇಷಕರು ಅದರ ಪಕ್ಕದಲ್ಲಿ ಬಿ.ಎನ್. ಮಲಿಕ್ ಪುಸ್ತಕ ಇಟ್ಟುಕೊಳ್ಳಬೇಕು. 1950ರಿಂದ 1964ರವರೆಗೆ ಗುಪ್ತಚರ ದಳದ ನಿರ್ದೇಶಕರಾಗಿದ್ದ ಅವರು ನೆಹರೂ ಜತೆಗಿನ ವರ್ಷಗಳ ಬಗ್ಗೆ ಬರೆದ ಸಂಪುಟಗಳಲ್ಲಿ ಚೀನಾ ಕುರಿತದ್ದು 1971ರಲ್ಲಿ ಬಂತು. ಒಬ್ಬರು ಸೋತ ಕಣಿವೆಯಲ್ಲಿ ನಿಂತಿದ್ದವರು, ಇನ್ನೊಬ್ಬರು ದಿಲ್ಲಿಯ ಕಚೇರಿಯಲ್ಲಿ ಕೂತಿದ್ದವರು. ತನ್ನ ಕಡೆಯ ತಪ್ಪಿಲ್ಲ ಎಂದು ತೋರಿಸುವ ಕಾರಣ ಇಬ್ಬರಿಗೂ ಇದೆ. ಕಾಗದದ ನಡುವೆ ಗೆರೆ ಎಳೆದು, ಒಂದು ಕಡೆ ದಳವಿ, ಇನ್ನೊಂದು ಕಡೆ ಮಲಿಕ್, ತಾರೀಖು ಹಿಡಿದು ಬರೆಯುತ್ತ ಬನ್ನಿ. ತನಗೇ ತೊಂದರೆಯಾಗುವ ಸಂಗತಿಯನ್ನು ಯಾರು ಎಲ್ಲಿ ಒಪ್ಪಿಕೊಂಡಿದ್ದಾರೋ ಅಲ್ಲಿ ಗುರುತು ಹಾಕಿ. ಬಹಳ ಗಟ್ಟಿಯಾದ ಸಾಕ್ಷ್ಯ ಅಲ್ಲಿರುತ್ತದೆ. 1962ರ ಸೋಲಿನ ಬಗ್ಗೆ ಸೇನೆಯೇ ಮಾಡಿಸಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿಯ ಒಂದು ಭಾಗ 2014ರಲ್ಲಿ ನೆವಿಲ್ ಮ್ಯಾಕ್ಸ್‌ವೆಲ್ ಮೂಲಕ ಹೊರಬಂದಿದೆ. ಅದರ ಬಗ್ಗೆ ಆಗ ಬಂದ ಚರ್ಚೆಗಳನ್ನು ಮೂರನೆಯ ಅಂಕಣವಾಗಿ ಇಟ್ಟುಕೊಳ್ಳಬಹುದು.

6. ಪಾಣಿಪತ್‌ನ ಸುದ್ದಿ ಪೇಶ್ವೆಗೆ ಹೇಗೆ ಬಂತು ಎಂದು ಓದಿ

1761ರ ಜನವರಿ 14ರಂದು ಪಾಣಿಪತ್‌ನಲ್ಲಿ ಮರಾಠಾ ಸೈನ್ಯ ನುಚ್ಚುನೂರಾಯಿತು. ನೆರವಿಗೆಂದು ಉತ್ತರಕ್ಕೆ ಹೊರಟಿದ್ದ ಪೇಶ್ವೆ ನಾನಾಸಾಹೇಬ ಮಾಳವದ ಭಿಲ್ಸಾದ ಬಳಿ ಬೀಡುಬಿಟ್ಟಿದ್ದಾಗ, ಹುಂಡಿ ವ್ಯಾಪಾರಿಗಳ ಟಪಾಲು ಹೊತ್ತು ದಕ್ಷಿಣಕ್ಕೆ ಹೋಗುತ್ತಿದ್ದ ಓಲೆಕಾರ ಸಿಕ್ಕಿಬಿದ್ದ. ಯುದ್ಧವಾಗಿ ಹತ್ತು ದಿನ ಕಳೆದಿತ್ತು. ಓಲೆಯಲ್ಲಿ ಯುದ್ಧದ ಸುದ್ದಿಯೇ ಇಲ್ಲ, ಲೇವಾದೇವಿಯ ಭಾಷೆ: ಎರಡು ಮುತ್ತು ಕರಗಿದವು, ಹೊನ್ನಿನ ಮೊಹರುಗಳು ಹೋದವು, ಬೆಳ್ಳಿ ತಾಮ್ರಕ್ಕೆ ಲೆಕ್ಕವೇ ಇಲ್ಲ ಎಂಬ ಅರ್ಥದ್ದು. ಆ ಎರಡು ಮುತ್ತುಗಳಲ್ಲಿ ಒಂದು ಪೇಶ್ವೆಯ ಮಗ ವಿಶ್ವಾಸರಾವ್, ಇನ್ನೊಂದು ಸದಾಶಿವರಾವ್ ಭಾವೂ.

ಹಣ ಹಾಕಿದವನಿಗೆ ಸುದ್ದಿ ಬೇಗ ಬೇಕು, ಸರಿಯಾದದ್ದೇ ಬೇಕು. ರಾಜ್ಯದ ಬೇಹಿಗಿಂತ ಪೇಟೆಯ ಓಲೆ ಮೊದಲು ಬಂದದ್ದು ಅದಕ್ಕೇ. ಇಂದಿಗೂ ಸಾಗಣೆ ದರ, ಹಡಗಿನ ವಿಮೆ, ಮಂಡಿಯ ಧಾರಣೆ ಓದಲು ಬಲ್ಲವರು ಮುಂದಿರುತ್ತಾರೆ.

ಟಿ.ಎಸ್. ಶೇಜವಲಕರ್ ಇಂಗ್ಲಿಷ್‌ನಲ್ಲಿ ಬರೆದ ಪಾಣಿಪತ್ ಅಧ್ಯಯನವನ್ನು ಡೆಕ್ಕನ್ ಕಾಲೇಜ್ 1946ರಲ್ಲಿ ಪ್ರಕಟಿಸಿತು. ಮರಾಠಿ ಬರುವವರು ಅದರ ಜತೆಗೆ ಭಾವೂಸಾಹೇಬನ ಬಖರನ್ನೂ ಓದಲಿ. ಬಖರು ನಡೆದದ್ದರ ಮೇಲೆ ಕಟ್ಟಿದ ಕಥನ. ಅದರ ಸೊಗಸೇ ಬೇರೆ. ಮುಂದೇನಾಗುತ್ತದೆಂದು ಗೊತ್ತಿಲ್ಲದವರು ಆಯಾ ದಿನ ಬರೆದ ಕಾಗದದ ಬೆಲೆಯೂ ಬೇರೆ. ವಿ.ಕಾ. ರಾಜವಾಡೆ ಊರೂರು ತಿರುಗಿ ಮನೆಗಳ ಅಟ್ಟದಿಂದ ಇಂಥ ಕಾಗದಗಳನ್ನು ಇಳಿಸಿದ್ದು, 1910ರಲ್ಲಿ ಪುಣೆಯಲ್ಲಿ ಭಾರತ ಇತಿಹಾಸ ಸಂಶೋಧಕ ಮಂಡಳ ಕಟ್ಟಿದ್ದು ಈ ವ್ಯತ್ಯಾಸ ಅರಿತೇ.

7. ಹಾಯರ್ ಪುಸ್ತಕವನ್ನು ಪೆನ್ಸಿಲ್ ಹಿಡಿದು ಓದಿ

ರಿಚರ್ಡ್ಸ್ ಹಾಯರ್ ಬರೆದ, ಗುಪ್ತಚರ ವಿಶ್ಲೇಷಣೆಯ ಮನಶ್ಶಾಸ್ತ್ರ ಕುರಿತ ಪುಸ್ತಕ 1999ರದು. ಸಿಐಎ ಅದನ್ನು ಉಚಿತವಾಗಿಯೇ ಕೊಡುತ್ತದೆ. ಕುದುರೆ ಜೂಜಿನ ಪ್ರಯೋಗವಿರುವ ಅಧ್ಯಾಯವನ್ನು ರೇಸ್ ಕೋರ್ಸ್ ಇರುವ ಪುಣೆಯವರಿಗೆ ವಿವರಿಸಬೇಕಿಲ್ಲ. ಎಂಟು ಮಂದಿ ನುರಿತ ಜೂಜು ಪರಿಣತರಿಗೆ ಮೊದಲು ಕುದುರೆಯ ಬಗ್ಗೆ 5 ಸಂಗತಿ ಕೊಟ್ಟರು, ಆಮೇಲೆ 10, 20, 40. ಗೆಲ್ಲುವ ಕುದುರೆ ಹೇಳುವುದರಲ್ಲಿ ಅವರು ಇದ್ದಲ್ಲೇ ಇದ್ದರು. ಏರುತ್ತ ಹೋದದ್ದು ತಮ್ಮ ಮಾತಿನ ಮೇಲೆ ತಮಗಿದ್ದ ಭರವಸೆ ಮಾತ್ರ. ಇನ್ನೊಂದು ಇನ್‌ಪುಟ್ ಬರಲಿ ಎಂದು ಫೈಲು ತಡೆದಿಡುವ ಮುನ್ನ ಈ ಅಧ್ಯಾಯ ನೆನಪಾಗಲಿ.

ಎಂಟನೆಯ ಅಧ್ಯಾಯ ಕೆಲಸಕ್ಕೆ ಬರುವಂಥದ್ದು. ಎಲ್ಲ ಊಹೆಗಳನ್ನೂ ಮೇಲೆ ಸಾಲಾಗಿ ಬರೆಯಿರಿ, ಸಾಕ್ಷ್ಯಗಳನ್ನು ಪಕ್ಕದಲ್ಲಿ. ನಿಮಗಿಷ್ಟವಾದ ಊಹೆಗೆ ಬೆಂಬಲ ಹುಡುಕುವ ಬದಲು ಪ್ರತಿ ಸಾಕ್ಷ್ಯವೂ ಯಾವ ಊಹೆಯನ್ನು ಕೆಡವುತ್ತದೆ ಎಂದು ಕೇಳಿ. ಎಲ್ಲ ಊಹೆಗಳಿಗೂ ಹೊಂದುವ ಸಾಕ್ಷ್ಯ ಏನನ್ನೂ ಸಾಬೀತು ಮಾಡುವುದಿಲ್ಲ.

8. ಕಾಸ್ಮಾಸ್ ಬ್ಯಾಂಕ್ ಪ್ರಕರಣವನ್ನು ತಾರೀಖುವಾರು ಜೋಡಿಸಿ

ಸೈಬರ್ ಕೆಲಸದವರಿಗೆ ಪುಣೆಯಲ್ಲೇ ಪಠ್ಯವಿದೆ. 2018ರ ಆಗಸ್ಟ್ 11ರಂದು, ಶನಿವಾರ, ಕಾಸ್ಮಾಸ್ ಸಹಕಾರಿ ಬ್ಯಾಂಕಿನ ಎಟಿಎಂ ವ್ಯವಸ್ಥೆಗೆ ಕನ್ನ ಬಿತ್ತು. ನಕಲಿ ಕಾರ್ಡುಗಳಿಂದ 28 ದೇಶಗಳಲ್ಲಿ ಹಣ ತೆಗೆದರು. 13ರಂದು, ಸೋಮವಾರ, ಸ್ವಿಫ್ಟ್ ಮೂಲಕ ಹಾಂಗ್‌ಕಾಂಗ್‌ನ ಖಾತೆಗೆ ಇನ್ನೂ ಸುಮಾರು 14 ಕೋಟಿ ಹೋಯಿತು. ಒಟ್ಟು ನಷ್ಟ 94 ಕೋಟಿ ದಾಟಿತು.

10ರಂದು, ಅಂದರೆ ಎಟಿಎಂ ಕನ್ನದ ಹಿಂದಿನ ದಿನವೇ, ಅಮೆರಿಕದ ಎಫ್‌ಬಿಐ ಬ್ಯಾಂಕುಗಳಿಗೆ ಗೋಪ್ಯ ಅಲರ್ಟ್ ಕಳಿಸಿತ್ತು. ಕೆಲವೇ ದಿನಗಳಲ್ಲಿ ಜಗತ್ತಿನ ಎಲ್ಲೆಡೆ ಎಟಿಎಂಗಳಿಂದ ಒಮ್ಮೆಲೇ ಹಣ ಕೀಳುವ ಸಂಚಿದೆ ಎಂಬುದು ಅದರ ಸಾರ. ಯಾವ ಬ್ಯಾಂಕ್ ಎಂಬುದು ಮಾತ್ರ ಅದರಲ್ಲಿರಲಿಲ್ಲ. ವಿಷಯ ಸಾರ್ವಜನಿಕವಾದದ್ದು 12ರಂದು, ಸೈಬರ್ ಭದ್ರತೆಯ ಪತ್ರಕರ್ತ ಬ್ರಯನ್ ಕ್ರೆಬ್ಸ್ ವರದಿಯಿಂದ. ಉತ್ತರ ಕೊರಿಯಾದ ಮೇಲಿನ ನಿರ್ಬಂಧಗಳನ್ನು ಗಮನಿಸುತ್ತಿದ್ದ ವಿಶ್ವಸಂಸ್ಥೆಯ ತಜ್ಞರ ತಂಡ 2019ರ ವರದಿಯಲ್ಲಿ ಈ ಕೃತ್ಯವನ್ನು ಆ ದೇಶಕ್ಕೆ ತಳಕು ಹಾಕಿತು.

ಹೆಸರಿಲ್ಲದ ಎಚ್ಚರಿಕೆ ಬಂದ ಶುಕ್ರವಾರ ಸಂಜೆ ನೀವು ಆ ಮೇಜಿನಲ್ಲಿದ್ದರೆ, ರಜೆಯ ಮುನ್ನ ಯಾರಿಗೆ ಫೋನ್ ಮಾಡುತ್ತಿದ್ದಿರಿ, ಏನು ಹೇಳುತ್ತಿದ್ದಿರಿ? ಅಭ್ಯಾಸಕ್ಕೆಂದು ಆ ಟಿಪ್ಪಣಿಯನ್ನು ಈಗ ಬರೆಯಿರಿ. ಇದಕ್ಕೆ ಜೋಡಿಯಾಗಿ ರೊಬರ್ಟಾ ವೋಲ್‌ಸ್ಟೆಟರ್ 1962ರಲ್ಲಿ ಪರ್ಲ್ ಹಾರ್ಬರ್ ಬಗ್ಗೆ ಬರೆದ ಪುಸ್ತಕ ಓದಿ. ಸುಳಿವುಗಳಿಗೆ ಕೊರತೆ ಇರಲಿಲ್ಲ, ಗದ್ದಲದಲ್ಲಿ ಅವು ಕೇಳಿಸಲಿಲ್ಲ ಎಂದು ಆಕೆ ದಾಖಲೆ ದಾಖಲೆಯಾಗಿ ತೋರಿಸುತ್ತಾರೆ.

9. ಎದುರಾಳಿಯ ದಫ್ತರಕ್ಕೂ ಹೋಗಿ

ಗೋ.ಸ. ಸರದೇಸಾಯಿ ಸಂಪಾದಿಸಿದ ಪೇಶ್ವೆ ದಫ್ತರದ ಆಯ್ದ ಕಾಗದಗಳು 45 ಸಂಪುಟ. ಎಲ್ಲವನ್ನೂ ಓದಬೇಕಿಲ್ಲ, ಬೇರೆ ದರ್ಬಾರುಗಳಲ್ಲಿದ್ದ ವಕೀಲರ, ಅಂದರೆ ರಾಯಭಾರಿಗಳ, ಪತ್ರಗಳನ್ನು ಆರಿಸಿಕೊಳ್ಳಿ. ಆದರೆ ಪುಣೆಯ ಕಾಗದ ಪುಣೆಯ ಕಣ್ಣಿನಿಂದಲೇ ನೋಡುತ್ತದೆ. 1791ರಲ್ಲಿ ಪೇಶ್ವೆಯ ಸರದಾರರಾದ ಪಟವರ್ಧನರ ಸೈನ್ಯದ ಜತೆ ಬಂದವರು ಶೃಂಗೇರಿ ಮಠವನ್ನು ಲೂಟಿ ಮಾಡಿದ ಪ್ರಸಂಗ ತಿಳಿಯಲು, ಮಠಕ್ಕೆ ಟಿಪ್ಪು ಸುಲ್ತಾನ್ ಕನ್ನಡದಲ್ಲಿ ಬರೆಸಿದ ಪತ್ರಗಳು ಬೇಕಾಗುತ್ತವೆ. ಅವನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು. ಒಂದು ಪಕ್ಷದ ಕಾಗದ ಓದಿ ರಿಪೋರ್ಟ್ ಕಳಿಸುವವರು ಈ ಎರಡು ರಾಶಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

10. ಟೆಟ್ಲಾಕ್ ಓದಿ, ನೋಟ್‌ಬುಕ್ ಇಡಿ

ಫಿಲಿಪ್ ಟೆಟ್ಲಾಕ್ ಮತ್ತು ಡ್ಯಾನ್ ಗಾರ್ಡ್ನರ್ ಅವರ 'ಸೂಪರ್‌ಫೋರ್ಕಾಸ್ಟಿಂಗ್' (2015) ಅಮೆರಿಕದ ಗುಪ್ತಚರ ಸಂಶೋಧನಾ ಸಂಸ್ಥೆ ನಡೆಸಿದ ಭವಿಷ್ಯ ನುಡಿಯುವ ಸ್ಪರ್ಧೆಯ ಕಥೆ. ಗೆದ್ದವರಲ್ಲಿ ಸಾಮಾನ್ಯ ಜನ ಬಹಳ. ಅವರ ಗುಟ್ಟು ಸಣ್ಣದು: ಅಂಕಿಯಲ್ಲಿ ಹೇಳುವುದು, ಹೊಸ ಸುದ್ದಿ ಬಂದಾಗ ಅಂಕಿಯನ್ನು ಚೂರುಚೂರೇ ಸರಿಸುವುದು, ಕೊನೆಗೆ ಎಷ್ಟು ತಪ್ಪಿದೆವು ಎಂದು ಲೆಕ್ಕ ಹಾಕುವುದು. ಒಂದು ನೋಟ್‌ಬುಕ್ ಸಾಕು. ತಾರೀಖು, ಪ್ರಶ್ನೆ, ಶೇಕಡಾವಾರು, ಕಾರಣ ಒಂದು ಸಾಲು. ಕಚೇರಿಯ ಗುಟ್ಟಿನ ವಿಷಯ ಅದರಲ್ಲಿ ಬೇಡ. ಚುನಾವಣೆ, ಮುಂಗಾರು, ರೆಪೊ ದರ ಇವುಗಳ ಮೇಲೆ ಅಭ್ಯಾಸ ಮಾಡಿ.

ಇದೇ ಓದಿನ ಬಿಡುವಿನಲ್ಲಿ ಬಿ. ರಾಮನ್ 2007ರಲ್ಲಿ ಬರೆದ ರಾ ಸಂಸ್ಥೆಯ ನೆನಪುಗಳನ್ನು ಓದಿಕೊಳ್ಳಿ. ಭಾರತದ ಗುಪ್ತಚರ ಕಚೇರಿಯೊಳಗಿನ ಗಾಳಿ ಹೇಗಿರುತ್ತದೆಂದು ಅಷ್ಟು ಬಿಚ್ಚುಮನಸ್ಸಿನಿಂದ ಹೇಳಿದವರು ಕಡಿಮೆ.

11. ಇನ್ನೊಂದು ಭಾಷೆ, ಸಾಧ್ಯವಾದರೆ ಇನ್ನೊಂದು ಲಿಪಿ

ಅನುವಾದ ನಂಬಿ ಕೂತವರು ಅನುವಾದಕರ ತಪ್ಪನ್ನೂ ನಂಬಬೇಕಾಗುತ್ತದೆ. ಗಡಿ ಜಿಲ್ಲೆಗಳಿಂದ ಬಂದ ಕನ್ನಡಿಗರಿಗೆ ಇಲ್ಲಿ ದೊಡ್ಡ ಅನುಕೂಲವಿದೆ. ಬೆಳಗಾವಿಯವರಿಗೆ ಮರಾಠಿ, ಕಲಬುರಗಿ, ಬೀದರ್‌ನವರಿಗೆ ದಖನಿ ಉರ್ದು ಕಿವಿಗೆ ಬಿದ್ದೇ ಬೆಳೆದಿರುತ್ತವೆ. ಮಾತು ಬರುವವರಿಗೆ ಲಿಪಿ ಕಲಿಯುವುದು ಕೆಲವು ತಿಂಗಳ ಕೆಲಸ. ಪೇಶ್ವೆ ಕಾಗದಗಳ ಮೋಡಿ ಲಿಪಿ ಕಲಿತವರು ಬೆಳಗಾವಿ, ಧಾರವಾಡದ ಹಳೆಯ ಜಮೀನು ದಾಖಲೆಗಳನ್ನೂ ಓದಬಲ್ಲರು. ರಷ್ಯನ್, ಜಪಾನಿ, ಜರ್ಮನ್ ಬೇಕಿದ್ದರೆ ಫರ್ಗ್ಯುಸನ್ ಕಾಲೇಜ್ ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟ್‌ನಲ್ಲಿ ವಿಶ್ವವಿದ್ಯಾಲಯದ ವಿದೇಶಿ ಭಾಷಾ ವಿಭಾಗವಿದೆ. ಉರ್ದು ಬಲ್ಲವರು ಕರಾಚಿ, ಲಾಹೋರಿನ ಪತ್ರಿಕೆಗಳ ಒಳಪುಟಗಳನ್ನು ಇಂಗ್ಲಿಷ್ ಸಾರಾಂಶಕ್ಕೆ ಕಾಯದೆ ದಿನವೂ ನೋಡಲಿ. ದಿಲ್ಲಿಗೆ ತಲುಪುವ ಸಾರಾಂಶದಲ್ಲಿ ಉದುರಿಹೋಗುವುದು ಜಿಲ್ಲಾ ವರದಿಗಾರರ ಆ ನಾಲ್ಕು ಸಾಲಿನ ಸುದ್ದಿಗಳೇ.